ಬೆಲ್ಟಿನ ಕವರಿಗೆ ಹೂವಿಟ್ಟ ವರ್ಷ

ನನ್ನ ಬಲಗೈ ಮುರಿದದ್ದು ಕಾಫಿ ಹಣ್ಣು ಸುಲಿಯುವ ಮಿಷನ್ನಿನಲ್ಲಿ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಯಾಕೆಂದರೆ ಈ ಒಂದು ಮಾತನ್ನು ನಮ್ಮ ಸಾಹುಕಾರರ ಕಿವಿಗೆ ಮುಟ್ಟಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗಿತ್ತು. ಕೈ ಮುರಿದ ನೋವು ಒಂದು ಕಡೆ ಇರಲಿ, ಅದನ್ನು ಹೇಳಲು ಪಟ್ಟ ಪಾಡಿದೆಯಲ್ಲ, ಅಬ್ಬಬ್ಬಾ! ಈಗ ನೆನೆದರೂ ಎದೆ ಡವಡವ ಅನ್ನುತ್ತದೆ, ಜೊತೆಗೆ ನಗುವೂ ಬರುತ್ತದೆ. ನಾನು ಮೊದಲೇ ಬಾಯಾಳಿ. "ನಿನ್ನ ಬಾಯಿಗೆ ಬೀಗ ಹಾಕಿದ್ರೆ ಬೀಗನೇ ಮಾತಾಡ್ತದೆ ಕಣೆ" ಎಂದು ನಮ್ಮವ್ವ ಬೈಯುವುದುಂಟು. ಅಂಥ ನನ್ನ ಬಾಯಿಯೂ ಒಂದು ದಿನದ ಮಟ್ಟಿಗೆ ಕಟ್ಟಿಹೋಗಿತ್ತು ಎಂದರೆ ನೀವೇ ಯೋಚನೆ ಮಾಡಿ.

ನಮ್ಮದು ಜಾವಳಿ ಕಡೆ. ಸ್ವಂತದ್ದು ಎಂದು ಹೇಳಿಕೊಳ್ಳಲು ಅಂಗೈಯಗಲ ತೋಟವಿದೆ. ಅದರ ಕುಯ್ಲು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಹಾಗಾಗಿ ಸೀಸನ್ನಿನಲ್ಲಿ ನಾನು ಗುಡ್ಡದಾಚೆಯ ದೊಡ್ಡ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ನನ್ನ ಜಾಗ ಪಲ್ಪರ್ ಮನೆಯಲ್ಲಿ. ತೋಟದಿಂದ ಬಂದ ಕೆಂಪು ಹಣ್ಣನ್ನು ನೀರಿನ ಜೊತೆ ಪಲ್ಪರ್ ಮಿಷನ್ನಿನ ಬಾಯಿಗೆ ಬಿಟ್ಟರೆ ಅದು ಸಿಪ್ಪೆಯನ್ನು ಒಂದು ಕಡೆ, ಬೀಜವನ್ನು ಇನ್ನೊಂದು ಕಡೆ ಉಗುಳುತ್ತದೆ. ಆ ಬಾಯಿಯ ಹತ್ತಿರ ನಿಂತು ಕೋಲಿನಿಂದ ಹಣ್ಣು ದೂಡುವವಳು ನಾನು. ಡೀಸೆಲ್ ಇಂಜಿನ್ನಿನಿಂದ ಮಿಷನ್ನಿನ ಚಕ್ರಕ್ಕೆ ಹಾಕಿದ ಬೆಲ್ಟು ನನ್ನ ಬಲ ಮಗ್ಗುಲಲ್ಲೇ ಸುಯ್ಯೆಂದು ಓಡುತ್ತಿತ್ತು. ಆ ಬೆಲ್ಟನ್ನು ಮುಚ್ಚಲು ಒಂದು ತಗಡಿನ ಕವರು ಇರಬೇಕು. ಇತ್ತು ಕೂಡ. ಆದರೆ ಎಲ್ಲಿತ್ತು ಅನ್ನುವುದನ್ನು ಕೇಳಿ.

ಆಯುಧ ಪೂಜೆಯ ದಿನ ನಮ್ಮ ಎಸ್ಟೇಟಿನಲ್ಲಿ ಕತ್ತಿ, ಗುದ್ದಲಿ, ಜೀಪು, ಟ್ರ್ಯಾಕ್ಟರು ಎಲ್ಲಕ್ಕೂ ಪೂಜೆ. ಪಲ್ಪರನ್ನಂತೂ ಮದುಮಗಳ ಹಾಗೆ ತೊಳೆದು ಒರೆಸಿ ಸಿಂಗರಿಸುತ್ತಾರೆ. ಆ ವರ್ಷ ಬೆಲ್ಟಿನ ಕವರನ್ನು ಬಿಚ್ಚಿ, ತುಕ್ಕು ಉಜ್ಜಿ, ಕೆಂಪು ಬಣ್ಣ ಹೊಡೆದು, ಒಣಗಲಿ ಎಂದು ಗೋಡೆಗೆ ಒರಗಿಸಿದ್ದರು. ಪೂಜೆ ಮಾಡುವವರು ಬಂಗ್ಲೆಯ ದೊಡ್ಡಮ್ಮ, ಎಂದರೆ ಸಾಹುಕಾರರ ತಾಯಿ. ಅವರು ಮಿಷನ್ನಿಗೆ ಕುಂಕುಮ ಹಚ್ಚಲು ಹೋದರೆ ಗ್ರೀಸಿನ ಮೇಲೆ ಅದು ನಿಲ್ಲಲೇ ಇಲ್ಲ. "ತಡೀರಿ, ಇದೂ ಮಿಷನ್ನಿಂದೇ ಅಲ್ವ" ಎಂದು ಗೋಡೆಗೊರಗಿದ್ದ ಕವರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಆರತಿ ಎತ್ತಿದರು. ಕುಂಬಳಕಾಯಿ ಒಡೆದದ್ದಾಯಿತು, ನಮಗೆಲ್ಲ ಮಂಡಕ್ಕಿ ಹಂಚಿದ್ದೂ ಆಯಿತು.

ಕುಯ್ಲು ಶುರುವಾಗಿ ಮಿಷನ್ ಓಡಿಸುವ ದಿನ ಬಂದಾಗ ಆ ಕವರನ್ನು ಎತ್ತಿ ಅದರ ಜಾಗದಲ್ಲಿ ಕೂರಿಸಿದ್ದರೆ ಮುಗಿದಿತ್ತು. ನಮ್ಮನ್ನು ನೋಡಿಕೊಳ್ಳುವ ಮೇಸ್ತ್ರಿ ಅದಕ್ಕೆ ಕೈ ಹಾಕಲು ಹೋದವರು ಹಿಂದೆ ಸರಿದರು. ದೊಡ್ಡಮ್ಮ ಹಚ್ಚಿದ ಕುಂಕುಮ ಅದರ ಮೇಲೆ ಹಾಗೇ ಇದೆ. ಅದನ್ನು ತೆಗೆದುಕೊಂಡು ಹೋಗಿ ಜಿಡ್ಡಿನ ಚಕ್ರದ ಮೇಲೆ, ಕಾಲಿನ ಮಟ್ಟದಲ್ಲಿ ಬೋಲ್ಟ್ ಹಾಕುವುದು ಹೇಗೆ? "ಒಂದೆರಡು ದಿನ ಇರ್ಲಿ ಮಾರಾಯ್ತಿ" ಅಂದರು. ಮಾರನೆಯ ದಿನ ಯಾರೋ ಅದರ ಮೇಲೆ ಒಂದು ದಾಸವಾಳ ಇಟ್ಟರು. ಆಮೇಲೆ ಇನ್ಯಾರೋ ಊದುಬತ್ತಿ ಹಚ್ಚಿದರು. ವಾರ ಕಳೆಯುವಷ್ಟರಲ್ಲಿ ಅದರ ಮುಂದೆ ಚಪ್ಪಲಿ ಬಿಡುವಂತಿಲ್ಲ, ಎಲೆಯಡಿಕೆ ಉಗಿಯುವಂತಿಲ್ಲ ಎಂದಾಯಿತು. ನಾವು ಹೆಂಗಸರು ಅದಕ್ಕೆ ಪಲ್ಪರಮ್ಮ ಎಂದು ಹೆಸರನ್ನೂ ಇಟ್ಟೆವು. ಸಾಹುಕಾರರು, ನಾವೆಲ್ಲ ಅಯ್ಯ ಅನ್ನುವವರು, ಒಂದು ದಿನ ಬಂದವರು ಹೂವು ನೋಡಿ, ಚಪ್ಪಲಿ ಕಳಚಿ, ಕೈ ಮುಗಿದೇ ಹೋದರು. ಕೈಕಾಲು ಕಾಪಾಡು ತಾಯಿ ಎಂದು ಬೆಲ್ಟಿನ ಕವರಿಗೆ ಬೇಡಿಕೊಳ್ಳುವುದು, ಕವರಿಲ್ಲದ ಬೆಲ್ಟಿನ ಮಗ್ಗುಲಲ್ಲಿ ಹೋಗಿ ನಿಲ್ಲುವುದು! ನಗುವುದಾದರೆ ನನ್ನನ್ನೂ ಸೇರಿಸಿ ನಗಿ. ಹೂವು ತರುವುದರಲ್ಲಿ ನಾನೇ ಎಲ್ಲರಿಗಿಂತ ಮುಂದಿದ್ದೆ.

ತೋಟದ ಕೆಲಸಕ್ಕೆ ನಾವು ಉಟ್ಟ ಬಟ್ಟೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತೇವೆ. ನಾನು ಹಾಕುತ್ತಿದ್ದದ್ದು ಅಣ್ಣನ ಅಂಗಿ. ಅದರ ತೋಳು ಬೆರಳಿನ ತುದಿ ದಾಟಿ ಇಳಿಯುತ್ತಿತ್ತು, ಹಾಗಾಗಿ ಮಡಿಸಿಕೊಳ್ಳಬೇಕಿತ್ತು. ಒಂದು ಮಧ್ಯಾಹ್ನ ಮಿಷನ್ನಿನ ಬಾಯಲ್ಲಿ ಹಣ್ಣು ಸಿಕ್ಕಿಕೊಂಡಿತು. ಬಗ್ಗಿ ಕೋಲಿನಿಂದ ದೂಡುತ್ತಿದ್ದೆ. ಮಡಿಕೆ ಬಿಚ್ಚಿಕೊಂಡದ್ದು ಗೊತ್ತಾಗಲಿಲ್ಲ. ಯಾರೋ ಅಂಗಿ ಹಿಡಿದು ಜಗ್ಗಿದ ಹಾಗಾಯಿತು. "ಯಾರೇ ಅದು" ಎಂದು ಬೈಯಲು ತಿರುಗಿದರೆ ನನ್ನ ಕೈ ಆಗಲೇ ಬೆಲ್ಟಿನ ಜೊತೆ ಹೊರಟಿತ್ತು! ಅಂಗಿ ಹಳತಾಗಿದ್ದದ್ದು ನನ್ನ ಪುಣ್ಯ. ತೋಳು ಭುಜದ ಹೊಲಿಗೆಯಿಂದಲೇ ಪರ್ರನೆ ಹರಿದುಬಂತು. ಮೇಸ್ತ್ರಿ ಓಡಿಬಂದು ಇಂಜಿನ್ ನಿಲ್ಲಿಸಿದರು. ನಾನು ಸಿಮೆಂಟು ನೆಲದ ಮೇಲೆ ಕೂತಿದ್ದೆ. ಮುಂಗೈ ಎತ್ತ ತಿರುಗಬಾರದೋ ಅತ್ತ ತಿರುಗಿತ್ತು.

ಮೇಸ್ತ್ರಿ ಕೆಟ್ಟವರಲ್ಲ. ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಹೋಗುವಾಗ ರಸ್ತೆಯ ಗುಂಡಿಗಳಿಗೆ ನನ್ನ ಕೈ ಕುಲುಕದಿರಲಿ ಎಂದು ದಾರಿಯುದ್ದಕ್ಕೂ ಅದನ್ನು ತಮ್ಮ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಹಾಗೆ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು, "ನೋಡು, ಅಯ್ಯ ಕೇಳಿದ್ರೆ ಬೀಜ ತೊಳೆಯೋ ತೊಟ್ಟಿ ಹತ್ರ ಪಾಚಿ ಮೇಲೆ ಜಾರಿ ಬಿದ್ದೆ ಅನ್ನು."

"ಯಾಕೆ? ಬೆಲ್ಟು ಎಳ್ಕೊಂಡಿದ್ದು ನಿಮ್ಮ ಕಣ್ಣೆದುರಿಗೇ ಅಲ್ವ?"

"ಮೆತ್ತಗೆ ಮಾತಾಡು ಮಾರಾಯ್ತಿ. ಮಿಷನ್ ಎಳೀತು ಅಂದ್ರೆ ದೊಡ್ಡಮ್ಮ ಮಾಡಿದ ಪೂಜೆ ಸರಿಯಾಗಿಲ್ಲ ಅಂದಂಗೆ. ಆ ವಯಸ್ಸಿನೋರ ಮುಖ ನೋಡ್ಕೊಂಡು ಅದನ್ನ ಹೇಳಕ್ಕಾಗ್ತದ? ಹೆಂಗೂ ಆಸ್ಪತ್ರೆಗೆ ಅವ್ರೇ ತೋರಿಸ್ತಾರೆ. ಜಾರಿದ್ರೂ ಕೈ ಮುರೀತದೆ, ಎಳೆದ್ರೂ ಮುರೀತದೆ. ಎಂತ ವ್ಯತ್ಯಾಸ?"

ಆ ಹೊತ್ತಿಗೆ ನನಗೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಮೇಸ್ತ್ರಿ "ಜಾರಿ ಬಿದ್ಲು ಸಾರ್" ಅಂದರು. ನಾನು ಹಲ್ಲು ಕಚ್ಚಿಕೊಂಡು ತಲೆ ಆಡಿಸಿದೆ. ಪ್ಲಾಸ್ಟರ್ ಹಾಕಿ ಮುಗಿಸುವಷ್ಟರಲ್ಲಿ ಜಾರಿ ಬಿದ್ದ ಸುದ್ದಿ ಫೋನಿನಲ್ಲಿ ಬಂಗ್ಲೆಗೂ ತಲುಪಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಜೀಪಿನಿಂದ ಇಳಿಸುತ್ತ ಮೇಸ್ತ್ರಿ ನನ್ನ ತಂಗಿಗೆ ಅಂದರು, "ನಾಳೆಯಿಂದ ನೀನು ಬಾ. ಹಣ್ಣು ರಾಶಿ ಬಿದ್ದಿದೆ. ಅಕ್ಕನ ಜಾಗ ನಿಮ್ಮನೇಲೇ ಉಳೀಲಿ." ತಂಗಿಗೆ ಖುಷಿಯೋ ಖುಷಿ. ಪಲ್ಪರ್ ಮನೆಯ ಕೆಲಸ ಎಂದರೆ ಬಿಸಿಲಲ್ಲಿ ಗುಡ್ಡ ಹತ್ತಿ ಇಳಿಯುವುದಿಲ್ಲ. ಅವಳು ಕುಣಿಯುತ್ತ ಒಳಗೆ ಹೋದಳು. ಅವಳು ತಿರುಗಿದಾಗ ಜಡೆ ಕಣ್ಣಿಗೆ ಬಿತ್ತು. ಸೊಂಟ ದಾಟಿ ಇಳಿಯುವ ಜಡೆ ಅವಳದು. ಊರಿನವರೆಲ್ಲ ಹೊಗಳುವ ಜಡೆ, ಕಟ್ಟಿ ಮೇಲೆ ಸಿಕ್ಕಿಸು ಎಂದರೆ ಕೇಳುವವಳಲ್ಲ. ನನಗೆ ಅಂಗಿ ಹರಿಯಿತು, ಸರಿ. ಕೂದಲು ಹರಿಯುತ್ತದೆಯೇ?

ಈಗ ಕಂಡಿತು ವ್ಯತ್ಯಾಸ! ತಂಗಿಯನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. "ನಾನು ಹುಷಾರಾಗಿರ್ತೀನಿ ಬಿಡೆ" ಅಂದಳು. "ನೀನು ಹುಷಾರಾಗಿರ್ತಿ, ಬೆಲ್ಟು ಇರ್ತದ?" ಎಂದು ರೇಗಿದೆ. ಬೆಳಿಗ್ಗೆ ನಾನೇ ಹೋಗಿ ಅಯ್ಯನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಕವರು ಹಾಕಿಸಿ ಬರುತ್ತೇನೆ, ಅಲ್ಲಿಯವರೆಗೆ ನೀನು ಹೊಸ್ತಿಲು ದಾಟಬೇಡ ಎಂದೆ. ಹೆದರುವ ಕಾರಣವೇನೂ ಇರಲಿಲ್ಲ. ತೋಟದಿಂದ ಹಣ್ಣು ಬಂದು ಮಿಷನ್ ಓಡುವುದು ಮಧ್ಯಾಹ್ನದ ಮೇಲೆಯೇ.

ಬೆಳಿಗ್ಗೆ ಪ್ಲಾಸ್ಟರಿನ ಕೈಯನ್ನು ಟವೆಲಿನಲ್ಲಿ ಕೊರಳಿಗೆ ಕಟ್ಟಿಕೊಂಡು ಗುಡ್ಡದ ಕಾಲುದಾರಿ ಹಿಡಿದೆ. ಜೀಪಿನ ರಸ್ತೆ ಸುತ್ತು, ಕಾಲುದಾರಿ ನೆಟ್ಟಗೆ ಬಂಗ್ಲೆಯ ಹಿಂದೆ ಇಳಿಯುತ್ತದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. "ಅಯ್ಯಾ, ತಪ್ಪು ತಿಳ್ಕೋಬೇಡಿ, ದೊಡ್ಡಮ್ಮನವರ ಪೂಜೆ ಬಗ್ಗೆ ನಾನೇನೂ ಅನ್ನಲ್ಲ, ಆದ್ರೆ..." ಎಂದು ಕಾಫಿಗೆ ನೆರಳು ಕೊಡುವ ಸಿಲ್ವರ್ ಮರಗಳಿಗೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಧೈರ್ಯ ಏರಿತು. ನೋವಿಗೋ, ಗುಡ್ಡ ಹತ್ತಿದ ಬಿಸಿಗೋ, ಸಿಟ್ಟಿಗೋ, ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಇವತ್ತು ಹೇಳಿಯೇ ತೀರುವುದು ಎಂದುಕೊಂಡು ಬಂಗ್ಲೆಯ ಅಂಗಳಕ್ಕೆ ಕಾಲಿಟ್ಟೆ.

ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಜಗಲಿಯಿಂದ ಇಳಿದು ಬಂದರು. "ಅಯ್ಯೋ ಪಾಪ, ಈ ಕೈಯಲ್ಲಿ ಯಾಕೆ ನಡ್ಕೊಂಡು ಬಂದೆ? ಹೇಳಿ ಕಳಿಸಿದ್ರೆ ಜೀಪ್ ಬರ್ತಿರ್ಲಿಲ್ವ?" ಎನ್ನುತ್ತ ಜಗಲಿಯಲ್ಲಿ ಕೂರಿಸಿದರು. ಅಯ್ಯ ಲುಂಗಿ ಉಟ್ಟು ಕಾಫಿ ಕುಡಿಯುತ್ತ ಕೂತಿದ್ದರು. ನನ್ನನ್ನು ನೋಡಿದ್ದೇ ಹೇಳಿದರು, "ಬೆಳಿಗ್ಗೆ ಎದ್ದವನೇ ತೊಟ್ಟಿ ಸುತ್ತ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದೀನಿ. ಒಂದು ಚೂರು ಪಾಚಿ ಇಲ್ಲ, ಹೋಗಿ ನೋಡು. ಇನ್ನು ಯಾರೂ ಜಾರಲ್ಲ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಷ್ಟು ಚುರುಕು, ಎಷ್ಟು ಅಂತಃಕರಣ! ನಾವು ಸುಳ್ಳು ಹೇಳಿದ್ದೆವು, ಅವರು ಆ ಸುಳ್ಳನ್ನು ನಂಬಿ ಬೆಳಕು ಹರಿಯುವಷ್ಟರಲ್ಲಿ ಸರಿ ಮಾಡಿಸಿದ್ದರು. ನಿಜ ಹೇಳಿದ್ದರೆ ಇಷ್ಟು ಹೊತ್ತಿಗೆ ಬೆಲ್ಟಿಗೆ ಕವರು ಬಿದ್ದಿರುತ್ತಿತ್ತು.

"ಅಯ್ಯಾ, ತಪ್ಪು ತಿಳ್ಕೋಬೇಡಿ..." ಎಂದು ಶುರು ಮಾಡಿದೆ.

"ಮಾತು ಆಮೇಲೆ, ಮೊದ್ಲು ತಿನ್ನು" ಎಂದು ದೊಡ್ಡಮ್ಮ ಬಿಸಿ ಕಡುಬಿನ ತಟ್ಟೆ ಹಿಡಿದು ಬಂದರು. ನನ್ನ ಬಲಗೈ ನೋಡಿದರು. ಲೊಚಗುಟ್ಟಿದರು. ಪಕ್ಕದಲ್ಲಿ ಕೂತು, ತಾವೇ ಕಡುಬು ಮುರಿದು, ಚಟ್ನಿಯಲ್ಲಿ ಅದ್ದಿ ನನ್ನ ಬಾಯಿಗಿಟ್ಟರು! ಹೇಳಿ, ನಾನೇನು ಮಾಡಲಿ? ದೇವರಂಥ ಮುದುಕಿ ಕೈಯಾರೆ ತಿನ್ನಿಸುತ್ತಿದ್ದಾರೆ, ನಾನು ಅವರ ಪೂಜೆಗೆ ಕಲ್ಲು ಹಾಕಲು ಬಂದಿದ್ದೇನೆ. ಒಂದು ತುತ್ತು ನುಂಗಿ ಬಾಯಿ ತೆರೆದರೆ ಇನ್ನೊಂದು ತುತ್ತು ಬಂತು. ಮಾತು ಹೊರಗೆ ಬರಬೇಕಾದರೆ ಕಡುಬು ಒಳಗೆ ಹೋಗಬೇಕು, ಕಡುಬು ಮುಗಿಯುವಂತೆ ಕಾಣಲಿಲ್ಲ.

ಆಗ ಕೆಳಗಿನಿಂದ ಸದ್ದು ಕೇಳಿಸಿತು. ಟಕ್, ಟಕ್, ಟಕಟಕಟಕ... ಪಲ್ಪರ್ ಮನೆಯ ಇಂಜಿನ್ನು.

"ಇಷ್ಟೊತ್ತಿಗೆ ಯಾಕೆ ಇಂಜಿನ್?" ಎಂದೆ ಬಾಯಿ ತುಂಬ ಕಡುಬು ಇಟ್ಟುಕೊಂಡೇ.

"ನಿನ್ನೆ ಹಣ್ಣು ಹಂಗೇ ಉಳೀತಲ್ಲ, ಬಿಟ್ರೆ ಕೆಡ್ತದೆ" ಅಂದರು ಅಯ್ಯ. "ಬೆಳಿಗ್ಗೆನೇ ಮುಗಿಸ್ಲಿ ಅಂತ ನಿಮ್ಮನೆಗೆ ಜೀಪ್ ಕಳಿಸಿದ್ದೆ. ನಿನ್ ತಂಗಿ ಬಂದಾಯ್ತು. ನಿಂಗೆ ದಾರೀಲಿ ಸಿಗ್ಲಿಲ್ವ?"

ಎಲ್ಲಿಂದ ಸಿಗುತ್ತಾಳೆ? ಅವಳು ರಸ್ತೆಯಲ್ಲಿ, ನಾನು ಕಾಲುದಾರಿಯಲ್ಲಿ! ಕಡುಬು ನುಂಗಿದೆನೋ ಉಗಿದೆನೋ ನೆನಪಿಲ್ಲ. ಎದ್ದು ನಿಂತಿದ್ದೆ. ಅಷ್ಟು ಚೆಂದ ಜೋಡಿಸಿಕೊಂಡಿದ್ದ ಮಾತೆಲ್ಲ ಹಾರಿಹೋಗಿ, ಬಾಯಿಂದ ಬಂದದ್ದು ಇಷ್ಟು: "ಅಯ್ಯಾ, ನಾನು ಜಾರಿಲ್ಲ! ಬೆಲ್ಟು ಎಳ್ಕೊಂಡಿದ್ದು! ಬೆಲ್ಟಿಗೆ ಕವರಿಲ್ಲ! ಅವಳಿಗೆ ಜಡೆ ಇದೆ, ಉದ್ದ ಜಡೆ! ನಿಲ್ಸಿ, ನಿಲ್ಸಿ!"

ಅಯ್ಯ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕಪ್ಪು ಕೆಳಗಿಟ್ಟು ಮೇಸ್ತ್ರಿಗೆ ಫೋನ್ ಹಚ್ಚಿದರು. ಅದು ರಿಂಗಾಗುತ್ತಲೇ ಇತ್ತು. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? "ಅವ್ರು ಎತ್ತಲ್ಲ, ಓಡಿ!" ಎಂದು ಸಾಹುಕಾರರಿಗೇ ಗದರಿದೆ. ಅಯ್ಯ ಲುಂಗಿ ಎತ್ತಿ ಕಟ್ಟಿ ಓಡಿದರು!

ನಾನೂ ಓಡಿದೆ. ಕಾಫಿ ಗಿಡಗಳ ನಡುವಿನ ಇಳಿಜಾರು, ಕೆಳಗೆ ಒಣಗಿದ ಎಲೆ, ಕೊರಳಲ್ಲಿ ಪ್ಲಾಸ್ಟರಿನ ಭಾರ. ಒಂದೊಂದು ಹೆಜ್ಜೆಗೂ ನೋವು ಭುಜದವರೆಗೆ ಬಡಿಯುತ್ತಿತ್ತು. ಬಂಗ್ಲೆಯ ನಾಯಿಗಳು ಏನೋ ಬೇಟೆ ಎಂದುಕೊಂಡು ನಮ್ಮ ಜೊತೆಯಲ್ಲೇ ಬೊಗಳುತ್ತ ಓಡಿದವು. ಹಿಂದಿನಿಂದ ದೊಡ್ಡಮ್ಮ, "ಏನಾಯ್ತ್ರೋ, ಯಾರಾದ್ರೂ ಹೇಳ್ರೋ" ಎಂದು ಕೂಗುತ್ತ ಮೊಣಕಾಲು ಹಿಡಿದುಕೊಂಡು ಇಳಿಯುತ್ತಿದ್ದರು. ನಾನು "ನಿಲ್ಸೀ" ಎಂದು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಇಂಜಿನ್ನಿನ ಸದ್ದು ನನ್ನ ಕಿರುಚಾಟವನ್ನು ತಿಂದುಹಾಕುತ್ತಿತ್ತು.

ಪಲ್ಪರ್ ಮನೆಯ ಬಾಗಿಲಲ್ಲಿ ನನಗೆ ಕಂಡದ್ದು ತಂಗಿಯ ಬೆನ್ನು. ನನ್ನ ಜಾಗದಲ್ಲೇ ನಿಂತು, ಬಗ್ಗಿ, ಕೋಲಿನಿಂದ ಹಣ್ಣು ದೂಡುತ್ತಿದ್ದಳು. ಅವಳು ಬಗ್ಗಿದ ಹಾಗೆಲ್ಲ ಜಡೆ ಭುಜದಿಂದ ಜಾರಿ ಬೆಲ್ಟಿನ ಕಡೆಗೆ ತೂಗುತ್ತಿತ್ತು. ಅಯ್ಯ ನೆಟ್ಟಗೆ ಇಂಜಿನ್ನಿನ ಹತ್ತಿರ ಹೋಗಿ ಅದರ ಲಿವರ್ ಎಳೆದರು. ಇಂಜಿನ್ನು ಕೆಮ್ಮಿತು, ಬೆಲ್ಟು ನಿಧಾನವಾಯಿತು, ನಿಂತಿತು. ತಂಗಿ ತಿರುಗಿ, "ಎಂತದೇ ಅಕ್ಕ?" ಅಂದಳು, ಏನೂ ಆಗದವಳ ಹಾಗೆ. ಏನೂ ಆಗಿರಲಿಲ್ಲವಲ್ಲ! ನಾನು ಅವಳ ಜಡೆಯನ್ನು ಎಡಗೈಗೆ ಸುತ್ತಿ ಹಿಡಿದುಕೊಂಡು ಬೈದೆ, ಅತ್ತೆ, ಮತ್ತೆ ಬೈದೆ. "ಅಯ್ಯನವ್ರು ಜೀಪ್ ಕಳಿಸಿದ್ರೆ ಬರಲ್ಲ ಅನ್ನಕ್ಕಾಗ್ತದ" ಎಂದು ಅವಳೂ ಅಳಲು ಶುರು ಮಾಡಿದಳು.

"ಬೆಲ್ಟಿನ ಕವರೆಲ್ಲಿ?" ಎಂದು ಅಯ್ಯ ಕೇಳಿದರು. ಮೇಸ್ತ್ರಿ ಗೋಡೆಯ ಕಡೆ ನೋಡಿದರು. ಎಲ್ಲರೂ ಆ ಕಡೆ ನೋಡಿದೆವು. ಆ ಬೆಳಿಗ್ಗೆಯ ಹೊಸ ಹೂವು, ಎರಡು ಊದುಬತ್ತಿಯ ಹೊಗೆ.

ಅಷ್ಟರಲ್ಲಿ ದೊಡ್ಡಮ್ಮ ಏದುಸಿರು ಬಿಡುತ್ತ ಬಂದರು. ಅವರು ಬಾಗಿಲು ಹಿಡಿದು ನಿಂತದ್ದೇ ತಡ, ನಾನು ಎಲ್ಲ ಹೇಳಿಬಿಟ್ಟೆ. ಪೂಜೆ, ಕುಂಕುಮ, ಹೂವು, ಪಲ್ಪರಮ್ಮ ಎಂದು ಹೆಸರಿಟ್ಟದ್ದು, ಅಂಗಿಯ ತೋಳು ಹೋದದ್ದು, ಜಾರಿದೆ ಎಂದು ಸುಳ್ಳು ಹೇಳಿದ್ದು, ಒಂದೂ ಬಿಡಲಿಲ್ಲ. ಮೇಸ್ತ್ರಿ ಕಣ್ಣು ಬಿಟ್ಟು ಹೆದರಿಸಿದರು, ಕೆಮ್ಮಿದರು, "ನೋವಿಗೆ ಏನೇನೋ ಅಂತಾಳೆ" ಅಂದರು. ನಾನು ನಿಲ್ಲಿಸಲಿಲ್ಲ. ಎಷ್ಟು ಹಗುರಾಯಿತು ಗೊತ್ತೇ! ಕೈ ಮುರಿದವಳು ಇಷ್ಟು ಖುಷಿಯಿಂದ ಮಾತಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ದೊಡ್ಡಮ್ಮ ಕವರಿನ ಮುಂದೆ ಹೋಗಿ ನಿಂತರು. "ಇದಕ್ಕೆ ದಿನಾ ಹೂವಿಟ್ಟೋರು ಯಾರು?" ಎಂದರು.

"ನಾವೇ" ಎಂದಿತು ಒಂದು ಸಣ್ಣ ದನಿ.

"ಥೂ ನಿಮ್ಮ! ನಾನು ಕುಂಕುಮ ಹಚ್ಚಿದ್ದು ಇದು ಕೆಲ್ಸ ಮಾಡ್ಲಿ ಅಂತ ಕಣ್ರೇ, ಕೆಲ್ಸ ಬಿಟ್ಟು ಕೂರ್ಲಿ ಅಂತಲ್ಲ!" ಎಂದವರೇ ಹೂವು ತೆಗೆದು ಪಕ್ಕಕ್ಕಿಟ್ಟು, ಕೈ ಮುಗಿದು, ಬಗ್ಗಿ ಕವರಿನ ಒಂದು ಅಂಚು ಹಿಡಿದೇಬಿಟ್ಟರು. ಮೇಸ್ತ್ರಿ "ದೊಡ್ಡಮ್ಮಾ, ನೀವು ಎತ್ಬೇಡಿ" ಎಂದು ಬಾಯಲ್ಲಿ ಹೇಳಿದರೇ ಹೊರತು ಮುಂದೆ ಬರಲಿಲ್ಲ. ದೊಡ್ಡಮ್ಮ ನನ್ನನ್ನು ನೋಡಿ, "ಬಾರೆ, ಎಡಗೈ ಇದೆಯಲ್ಲ, ಆ ಕಡೆ ಹಿಡಿ" ಅಂದರು. ಮೊಣಕಾಲು ನೋವಿನ ಮುದುಕಿ ಒಂದು ಕಡೆ, ಒಂಟಿ ಕೈಯವಳು ಇನ್ನೊಂದು ಕಡೆ. ಇಬ್ಬರೂ ತೂರಾಡುತ್ತ ಅದನ್ನು ಹೊತ್ತು ತಂದು ಬೆಲ್ಟಿನ ಮೇಲೆ ಕೂರಿಸಿದೆವು. ಅಯ್ಯ ನೆಲದ ಮೇಲೆ ಕೂತು ಸ್ಪ್ಯಾನರಿನಿಂದ ಬೋಲ್ಟ್ ಬಿಗಿ ಮಾಡಿದರು. ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕೆವು, ತಂಗಿ ಮೂಗು ಒರೆಸಿಕೊಳ್ಳುತ್ತ ನಕ್ಕಳು.

ದೊಡ್ಡಮ್ಮ ಮಾತ್ರ ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನನ್ನು ಕೇಳಿದರು, "ಜಾರಿ ಬಿದ್ದೆ ಅಂತ ಯಾಕೆ ಹೇಳಿದ್ರಿ?"

"ನಿಮಗೆ ಬೇಜಾರಾಗ್ತದೆ ಅಂತ."

ಅವರು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿ ಕೇಳಿದರು, "ನಮಗೆ ಬೇಜಾರಾಗ್ತದೆ ಅಂತ ಇನ್ನೂ ಯಾರ್ಯಾರು ಹಿಂಗೆ ಮುಚ್ಚಿಟ್ಟಿದೀರಿ?"

ಎಲ್ಲರೂ ಕಾಲ ಬೆರಳು ನೋಡಿಕೊಳ್ಳುತ್ತಿದ್ದರು. ಕೊನೆಗೆ ಬಾಯಿ ಬಿಟ್ಟವರು ಮೇಸ್ತ್ರಿ.

"ನಂದೊಂದಿದೆ ದೊಡ್ಡಮ್ಮಾ. ನಿಮ್ಮ ಯಜಮಾನ್ರು ದೊಡ್ಡಯ್ಯ ಇದ್ದಾಗಿನ ಮಾತು. ಮೆಣಸು ಕುಯ್ತಾ ಏಣಿಯಿಂದ ಬಿದ್ದೆ. ನಮ್ಮನೆ ಅಟ್ಟದಿಂದ ಬಿದ್ದೆ ಅಂತ ದೊಡ್ಡಯ್ಯನಿಗೆ ಹೇಳ್ದೆ. ಅವತ್ತಿಂದ ಈ ಕೈ ಮೇಲೇಳಲ್ಲ."

ಅವರು ಕೈ ಎತ್ತಿ ತೋರಿಸಲು ನೋಡಿದರು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಎಷ್ಟು ಸೀಸನ್ನಿನಿಂದ ಅವರ ಕೈಕೆಳಗೆ ದುಡಿದಿದ್ದೇವೆ! ಅವರು ಎಂದೂ ಒಂದು ಮೂಟೆಗೆ ಕೈ ಕೊಡದಿದ್ದದ್ದನ್ನು ಮೇಸ್ತ್ರಿಕೆಯ ಗತ್ತು ಎಂದು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದೆವು. ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ದೊಡ್ಡಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. "ಹೇಳು" ಅಂದರು, "ಮೊದ್ಲಿಂದ ಹೇಳು."

ಮೇಸ್ತ್ರಿ ಬಾಯಿ ತೆರೆದರು, ಮುಚ್ಚಿದರು. ದಿನವಿಡೀ ನಮ್ಮ ಮೇಲೆ ಕೂಗಾಡುವವರಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ.

"ಹೇಳಿ ಮೇಸ್ತ್ರೇ, ಹೇಳಿ!" ಎಂದು ನಾನೇ ಕೂಗಿದೆ.

ಅವರು ಹೇಳತೊಡಗಿದರು. ಅವರ ಪಕ್ಕದಲ್ಲಿ ನಿಂತಿದ್ದ ಹೆಂಗಸು ಮೆಲ್ಲಗೆ ತನ್ನ ಅಂಗಿಯ ತೋಳನ್ನು ಮೊಣಕೈಯಿಂದ ಮೇಲಕ್ಕೆ ಮಡಿಸಿಕೊಳ್ಳುತ್ತಿದ್ದಳು, ನಾವ್ಯಾರೂ ಕಾಣದಿದ್ದ ಹಳೆಯ ಗಾಯದ ಕಲೆಯೊಂದು ಅಲ್ಲಿತ್ತು.